ಹೊಲಿಗೆ ಆಸ್ಪತ್ರೆಯಲ್ಲಿ, ಮಾಗುವುದು ಮನೆಯಲ್ಲಿ

ಬಳ್ಳಾರಿಯ ದೊಡ್ಡಾಸ್ಪತ್ರೆಗಳಲ್ಲಿ ಮಧ್ಯಾಹ್ನವೆಂದರೆ ಡಿಸ್ಚಾರ್ಜ್ ಹೊತ್ತು. ಒಬ್ಬರ ಕೈಯಲ್ಲಿ ಎಕ್ಸ್‌ರೇ ಲಕೋಟೆ, ಇನ್ನೊಬ್ಬರ ತಲೆಯ ಮೇಲೆ ಚಾಪೆ-ಚಾದರದ ಗಂಟು, ಮತ್ತೊಬ್ಬರ ಬಳಿ ಫ್ಲಾಸ್ಕು, ಬಕೆಟ್ಟು. ನಡುವೆ ಹೊಟ್ಟೆಯ ಮೇಲೆ ಅಂಗೈ ಒತ್ತಿಕೊಂಡು, ಸೊಂಟ ಬಗ್ಗಿಸಿ, ಒಂದೊಂದೇ ಹೆಜ್ಜೆ ಇಡುವ ಆಪರೇಷನ್ ಆದವರು. ಗೇಟಿನಾಚೆ ಆಟೊ, ಅಲ್ಲಿಂದ ಬಸ್ ಸ್ಟ್ಯಾಂಡು. ಕುರುಗೋಡಾದರೆ ಮೂವತ್ತು ಕಿಲೋಮೀಟರಿನೊಳಗೆ ಮುಗಿಯುತ್ತದೆ. ಸಿರುಗುಪ್ಪ ಐವತ್ತು ದಾಟಬೇಕು, ಅದರಾಚೆಯ ಹಳ್ಳಿಯಾದರೆ ಇನ್ನೂ ದೂರ.

ಬಸ್ಸು ಹೊರಡುವ ಮೊದಲೇ ಸಲಹೆಗಳು ಶುರುವಾಗುತ್ತವೆ. “ಬದನೆಕಾಯಿ ಮುಟ್ಟಬ್ಯಾಡ, ನಂಜಾಗ್ತೈತಿ.” “ನೀರು ಜಾಸ್ತಿ ಕುಡಿಬ್ಯಾಡವ್ವ, ಗಾಯ ಹಸಿ ಆಗ್ತೈತಿ.” “ಒಂದು ತಿಂಗಳು ಹಾಸಿಗಿ ಬಿಟ್ಟು ಏಳಬ್ಯಾಡ.” ಹೇಳುವವರೆಲ್ಲ ಪ್ರೀತಿಯಿಂದಲೇ ಹೇಳುತ್ತಾರೆ. ಇತ್ತ ಚೀಲದೊಳಗಿನ ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಗುಳಿಗೆಗಳ ಹೆಸರು, ಮತ್ತೆ ಬರಬೇಕಾದ ತಾರೀಖು. ಏನು ಉಣ್ಣಬೇಕು, ಎಷ್ಟು ನಡೆಯಬೇಕು, ಯಾವುದಕ್ಕೆ ಹೆದರಬೇಕು ಎಂಬುದು ಆ ಚೀಟಿಯಲ್ಲಿ ಬಹಳ ಸಲ ಇರುವುದಿಲ್ಲ. ಆ ಜಾಗವನ್ನು ಬಸ್ಸಿನ ಮಾತುಗಳು ತುಂಬುತ್ತವೆ.

ಕೆಟ್ಟದ್ದನ್ನು ಕತ್ತರಿಸಿ ತೆಗೆದು, ಸೀಳಿದ್ದನ್ನು ಹೊಲಿಯುವವರೆಗೆ ಶಸ್ತ್ರವೈದ್ಯರ ಕೆಲಸ. ಕೂಡಿಸುವ ಕೆಲಸ ದೇಹದ್ದೇ. ಅದು ಬಹುಪಾಲು ನಡೆಯುವುದು ಮನೆಯ ಹಾಸಿಗೆಯಲ್ಲಿ, ಅಡುಗೆಮನೆಯ ನೆರವಿನಿಂದ. ಆ ಕೆಲಸಕ್ಕೆ ಬೇಕಾದದ್ದು ಆಹಾರ, ನೀರು, ಚಲನೆ, ಶುಚಿ. ನಮ್ಮ ಮನೆಗಳ ಅಕ್ಕರೆ ಎಷ್ಟೋ ಸಲ ಇವನ್ನೇ ಕಡಿಮೆ ಮಾಡುತ್ತದೆ.

ಗಾಯದ ಒಳಗೆ ನಡೆಯುವುದೇನು?

ಚರ್ಮ ಕೊಯ್ದ ಕ್ಷಣದಿಂದಲೇ ದುರಸ್ತಿ ಶುರು. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಮುಂದಿನ ಕೆಲವು ದಿನ ಬಿಳಿರಕ್ತಕಣಗಳು ಅಲ್ಲಿಗೆ ಧಾವಿಸಿ ಕಸ, ಕ್ರಿಮಿಗಳನ್ನು ಗುಡಿಸುತ್ತವೆ. ಹೊಲಿಗೆಯ ಅಂಚು ತುಸು ಕೆಂಪಾಗಿ, ಬೆಚ್ಚಗೆ, ಉಬ್ಬಿದಂತೆ ಕಾಣುವುದು ಇದಕ್ಕೇ. ದಿನದಿಂದ ದಿನಕ್ಕೆ ಅದು ಇಳಿಯುತ್ತಿದ್ದರೆ ಭಯಪಡಬೇಕಿಲ್ಲ.

ಆಮೇಲೆ ಮೂರು ವಾರಗಳ ತನಕ ಹೊಸ ರಕ್ತನಾಳಗಳು, ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಹುಟ್ಟುತ್ತವೆ. ನಂತರ ಆ ಎಳೆಗಳು ಬಿಗಿಯಾಗುತ್ತ ಹೋಗುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಮೂರು ವಾರ ಕಳೆದಾಗಲೂ ಗಾಯದ ಜಾಗಕ್ಕೆ ಮೊದಲಿದ್ದ ಬಲದ ಐದನೇ ಒಂದು ಭಾಗದಿಂದ ಮೂರನೇ ಒಂದು ಭಾಗದಷ್ಟೇ ಬಂದಿರುತ್ತದೆ. ಮೂರು ತಿಂಗಳ ಹೊತ್ತಿಗೆ ನೂರಕ್ಕೆ ಎಂಬತ್ತರ ಹತ್ತಿರ. ಪೂರ್ತಿ ನೂರು ಎಂದೂ ಆಗುವುದಿಲ್ಲ.

ಸಿರುಗುಪ್ಪದ ಗದ್ದೆಯಲ್ಲಿ ನಾಟಿಯಾದ ಭತ್ತದ ಸಸಿ ಮೊದಲ ದಿನಗಳಲ್ಲೇ ನೆಟ್ಟಗೆ ನಿಂತಂತೆ ಕಾಣುತ್ತದೆ, ಬೇರು ಮಾತ್ರ ಇನ್ನೂ ಮಣ್ಣು ಹಿಡಿದಿರುವುದಿಲ್ಲ. ಗಾಯವೂ ಹಾಗೆ. ಹೊಲಿಗೆ ಬಿಚ್ಚಿಸಿದ ದಿನ ಮೇಲಿನ ಚರ್ಮ ಕೂಡಿರುತ್ತದೆ. ಕೆಳಗಿನ ಸ್ನಾಯು, ಪೊರೆ ಇನ್ನೂ ಎಳೆಯವು. ಹೊಟ್ಟೆ ತೆರೆದು ಮಾಡಿದ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಆರು ವಾರ ಭಾರ ಎತ್ತಬೇಡಿ ಎನ್ನುವುದು ಈ ಕಾರಣಕ್ಕೆ. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮೇವಿನ ಹೊರೆ ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ಅವಸರ ಮಾಡಿದರೆ ಹೊಲಿದ ಜಾಗದಲ್ಲೇ ಕರುಳು ಉಬ್ಬಿ ಬಂದು ಹರ್ನಿಯಾ ಆಗಬಹುದು. ಅದಕ್ಕೆ ಮತ್ತೊಂದು ಆಪರೇಷನ್.

ಕೀ-ಹೋಲ್ ಅಥವಾ ಲ್ಯಾಪರೊಸ್ಕೋಪಿ ಆದವರು ಬೇಗ ಚೇತರಿಸಿಕೊಳ್ಳುತ್ತಾರೆ, ನಿಜ. ಆದರೆ ಹೊರಗಿನ ತೂತು ಚಿಕ್ಕದಾದರೂ ಒಳಗಿನ ಕೆಲಸ ಚಿಕ್ಕದಲ್ಲ. ಹೊಟ್ಟೆ ಉಬ್ಬಿಸಲು ಬಳಸಿದ ಅನಿಲದಿಂದಾಗಿ ಒಂದೆರಡು ದಿನ ಭುಜ ನೋಯುವುದುಂಟು. ಅದು ತಾನಾಗಿ ಹೋಗುತ್ತದೆ. ಎದೆನೋವು, ಉಸಿರುಗಟ್ಟುವಿಕೆ ಜೊತೆಗಿದ್ದರೆ ಮಾತ್ರ ಕಾಯಬಾರದು.

ತಟ್ಟೆಯಿಂದ ಮಾಯವಾಗುವ ಪದಾರ್ಥಗಳು

ಬದನೆ, ಕುಂಬಳ, ಬೇಳೆ, ಮೊಟ್ಟೆ, ಮಾಂಸ, ಮೊಸರು, ಹುಳಿ. ಇವು ಗಾಯದಲ್ಲಿ ಕೀವು ತರುತ್ತವೆ ಎಂಬ ನಂಬಿಕೆ ಊರೂರಲ್ಲಿದೆ. ನಂಜಿನ ಪಟ್ಟಿ ಮನೆಯಿಂದ ಮನೆಗೆ ಬೇರೆ. ಎಲ್ಲವನ್ನೂ ಕಳೆದ ಮೇಲೆ ಉಳಿಯುವುದು ಬ್ರೆಡ್ಡು, ಚಹಾ, ಗಂಜಿ, ಸಪ್ಪೆ ಅನ್ನ. ಅಂದರೆ ದೇಹ ಹೊಸ ಎಳೆ ನೇಯಬೇಕಾದ ಹೊತ್ತಿಗೆ ನೂಲೇ ಇಲ್ಲ.

ಕೀವು ಬರುವುದು ಬ್ಯಾಕ್ಟೀರಿಯಾದಿಂದ. ಅವು ಗಾಯಕ್ಕೆ ತಲುಪುವುದು ಕೈ, ಬಟ್ಟೆ, ನೀರು, ಚರ್ಮದ ಮೂಲಕ, ಕೆಲವೊಮ್ಮೆ ಆಪರೇಷನ್ ಆದ ಅಂಗದಿಂದಲೇ. ತಿಂದ ಬದನೆಕಾಯಿ ಜಠರದಲ್ಲಿ ಜೀರ್ಣವಾಗುತ್ತದೆ. ಅದಕ್ಕೆ ಹೊಲಿಗೆಯ ಕಡೆ ದಾರಿಯಿಲ್ಲ. ಒಂದು ಪದಾರ್ಥ ಮೊದಲಿನಿಂದಲೂ ಮೈಗೆ ಒಗ್ಗದೆ ತುರಿಕೆ, ದದ್ದು ತರುತ್ತಿದ್ದರೆ ಅದನ್ನು ಬಿಡುವುದು ಸರಿ. ಉಳಿದವನ್ನು ಬಿಡಲು ಕಾರಣವಿಲ್ಲ.

ಗಾಯಾಳುವಿಗೆ ಪಥ್ಯ ಹೇಳುವ ಪರಂಪರೆ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 19ನೇ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು: ಗಾಯಗೊಂಡವನ ಕೋಣೆ, ಹಾಸಿಗೆ, ಸಂಗಾತಿಗಳು, ಊಟ. ಹೊಸ ಧಾನ್ಯ, ಉದ್ದು, ಎಳ್ಳು, ಮೊಸರು ಮುಂತಾದವನ್ನು ಆ ಗ್ರಂಥ ಬೇಡವೆನ್ನುತ್ತದೆ. ಆದರೆ ಹಳೆಯ ಅಕ್ಕಿ, ಹೆಸರುಬೇಳೆಯ ಕಟ್ಟು, ಕಾಡುಪ್ರಾಣಿಗಳ ಮಾಂಸದ ರಸ, ದಾಳಿಂಬೆ, ನೆಲ್ಲಿಕಾಯಿಗಳನ್ನು ಕೊಡಬೇಕೆನ್ನುತ್ತದೆ. ಆ ‘ಕೊಡಬೇಕು’ ಪಟ್ಟಿಯಲ್ಲಿ ಬದನೆಯೂ ಇದೆ! ಬೇಡದವುಗಳ ಜೊತೆ ಬೇಕಾದವುಗಳನ್ನೂ ಅಷ್ಟೇ ಮುತುವರ್ಜಿಯಿಂದ ಬರೆದ ಪಥ್ಯ ಅದು. ಮನೆಗಳಲ್ಲಿ ಉಳಿದುಕೊಂಡದ್ದು ಅರ್ಧ ಮಾತ್ರ.

ಇಂದಿನ ಆಹಾರತಜ್ಞರ ಲೆಕ್ಕದಲ್ಲಿ ದೊಡ್ಡ ಆಪರೇಷನ್ ಆದವರಿಗೆ ದಿನಕ್ಕೆ ಮೈತೂಕದ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಕದ ಹೆಂಗಸಿಗೆ ಅದು 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಇನ್ನು ಬ್ರೆಡ್ಡು-ಚಹಾದಿಂದ ಆ ಲೆಕ್ಕ ಹೇಗೆ ತುಂಬೀತು?

ಹಾಗೆಂದು ದುಬಾರಿ ಪುಡಿ ಡಬ್ಬಗಳೇ ಬೇಕಿಲ್ಲ. ಮೆತ್ತಗಿನ ಜೋಳದ ರೊಟ್ಟಿ, ಗಟ್ಟಿ ತೊಗರಿಬೇಳೆ, ಮೊಳಕೆ ಬಂದ ಹೆಸರು ಅಥವಾ ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಕೋಳಿ. ಬಳ್ಳಾರಿ ಸೀಮೆಯ ದಿನನಿತ್ಯದ ಊಟವೇ ಸಾಕು. ಮೇಲೊಂದು ನಿಂಬೆಹಣ್ಣಿನ ಹೋಳು, ಪೇರಲ ಅಥವಾ ನೆಲ್ಲಿಕಾಯಿ ಇರಲಿ. ಕೊಲಾಜೆನ್ ಕಟ್ಟಲು ಸಿ ವಿಟಮಿನ್ ಬೇಕೇ ಬೇಕು. ಹಸಿವು ಕಡಿಮೆಯಿದ್ದರೆ ಮೂರು ಹೊತ್ತಿನ ಊಟವನ್ನು ಐದಾರು ಸಣ್ಣ ಪಾಲು ಮಾಡಬಹುದು. ಕರುಳು, ಪಿತ್ತಕೋಶ, ಜಠರದ ಆಪರೇಷನ್ ಆದವರು ಮಾತ್ರ ಯಾವಾಗ ಏನು ಶುರು ಮಾಡಬೇಕೆಂದು ತಮ್ಮ ವೈದ್ಯರನ್ನೇ ಕೇಳಬೇಕು.

ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ ಎನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹಾಗಾಗಿ ಆಪರೇಷನ್ ನಂತರ ಕಬ್ಬಿಣದ ಗುಳಿಗೆ ಕೊಟ್ಟಿದ್ದರೆ ತಪ್ಪಿಸಬಾರದು. ಚಹಾದ ಜೊತೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದೆರಡು ಗಂಟೆ ಅಂತರ ಬೇಕು.

ಸಕ್ಕರೆ ಕಾಯಿಲೆ ಇರುವವರಿಗೆ ಬೇರೊಂದು ಎಚ್ಚರ. ರಕ್ತದಲ್ಲಿ ಸಕ್ಕರೆ ಏರಿದರೆ ಕ್ರಿಮಿಗಳ ವಿರುದ್ಧ ಬಿಳಿಕಣಗಳ ಕೆಲಸ ಮಂದವಾಗುತ್ತದೆ. ನೋಡಲು ಬಂದವರು ತಂದ ಬಿಸ್ಕತ್ತು, ಬಾಳೆಹಣ್ಣು, ಸಿಹಿ ಪಾನೀಯ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಬೀಡಿ, ಸಿಗರೇಟು, ಗುಟ್ಕಾ ಇನ್ನೂ ಕೆಟ್ಟವು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿದು ಗಾಯಕ್ಕೆ ಹೋಗುವ ಆಮ್ಲಜನಕವನ್ನೇ ತಡೆಯುತ್ತದೆ.

ನಲವತ್ತು ಡಿಗ್ರಿಯಲ್ಲಿ ನೀರಿನ ಪಥ್ಯ

ನೀರು ಕುಡಿದರೆ ಗಾಯ ಒದ್ದೆಯಾಗುತ್ತದೆ ಎಂಬ ಮಾತು ಎಲ್ಲಿಯೂ ಸರಿಯಲ್ಲ, ಬಳ್ಳಾರಿಯಲ್ಲಂತೂ ಅಪಾಯಕಾರಿ. ಏಪ್ರಿಲ್-ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಶೆಕೆಯಲ್ಲಿ ನೀರು ಕಡಿಮೆಯಾದರೆ ಮೂತ್ರ ಉರಿಯುತ್ತದೆ, ರಕ್ತ ಮಂದವಾಗಿ ಕಾಲಿನ ನಾಳಗಳಲ್ಲಿ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ, ಮಲ ಗಟ್ಟಿಯಾಗುತ್ತದೆ. ನೋವಿನ ಕೆಲವು ಔಷಧಿಗಳೂ ಮಲಬದ್ಧತೆ ತರುತ್ತವೆ. ತಿಣುಕಿದಷ್ಟೂ ಹೊಲಿಗೆಯ ಮೇಲೆ ಒತ್ತಡ.

ಕಾಯಿಸಿ ಆರಿಸಿದ ನೀರು, ಮಜ್ಜಿಗೆ, ಎಳನೀರು, ತೆಳು ಅಂಬಲಿ ಏನಾದರೂ ಸರಿ. ಮೂತ್ರ ತಿಳಿ ಬಣ್ಣದಲ್ಲಿದ್ದರೆ ಸಾಕಷ್ಟು ಕುಡಿದಿದ್ದೀರಿ ಎಂದರ್ಥ. ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ವೈದ್ಯರು ಹೇಳಿದ ಮಿತಿ ಬೇರೆ. ನಲ್ಲಿಯಲ್ಲಿ ದಿನಗಟ್ಟಲೆ ಬಿಟ್ಟು ನೀರು ಬರುವ ಓಣಿಗಳಲ್ಲಿ ಡ್ರಮ್ಮು, ಸಿಂಟೆಕ್ಸ್‌ಗಳಲ್ಲಿ ತುಂಬಿಟ್ಟ ನೀರೇ ಗತಿ. ಅದನ್ನು ಮುಚ್ಚಿಡುವುದು, ಕೈ ಅದ್ದದೆ ತಂಬಿಗೆಯಿಂದ ತೆಗೆಯುವುದು ರೋಗಿಯ ಆರೈಕೆಯ ಭಾಗವೇ.

ಮಲಗಿದಷ್ಟೂ ತಡ

ಒಂದು ಕಾಲಕ್ಕೆ ವೈದ್ಯರೂ ವಾರಗಟ್ಟಲೆ ಮಲಗಿಸುತ್ತಿದ್ದರು. 1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಈ ಪದ್ಧತಿಯನ್ನು ಪ್ರಶ್ನಿಸಿದರು. ಬೇಗ ಉಣ್ಣಿಸಿ, ನೋವನ್ನು ಚೆನ್ನಾಗಿ ತಗ್ಗಿಸಿ, ಬೇಗ ಎಬ್ಬಿಸಿ ನಡೆಸಿದರೆ ದೊಡ್ಡ ಕರುಳಿನ ಆಪರೇಷನ್ ಆದವರೂ ಬೇಗ ಮನೆಗೆ ಹೋಗಬಲ್ಲರು ಎಂದು ತೋರಿಸಿದರು. ಇಂದು ಜಗತ್ತಿನ ಅನೇಕ ಆಸ್ಪತ್ರೆಗಳು ಅದೇ ದಾರಿಯಲ್ಲಿವೆ. ಆಪರೇಷನ್ ಆದ ಮರುದಿನವೇ ನರ್ಸ್ “ಎದ್ದು ಓಡಾಡಿ” ಎಂದರೆ ಅದು ನಿರ್ದಯೆಯಲ್ಲ.

ಮಲಗೇ ಇದ್ದರೆ ಮೀನಖಂಡದ ನಾಳಗಳಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಉಸಿರು ಮೇಲೆಮೇಲೆ ಆಡಿದರೆ ಶ್ವಾಸಕೋಶದ ತಳದಲ್ಲಿ ಕಫ ನಿಂತು ನ್ಯುಮೋನಿಯಾ ಆಗಬಹುದು. ಹಾಗಾಗಿ ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ಆಳವಾಗಿ ಉಸಿರೆಳೆಯಬೇಕು, ಪಾದಗಳನ್ನು ಮೇಲೆ-ಕೆಳಗೆ ಆಡಿಸಬೇಕು, ದಿನಕ್ಕೆ ನಾಲ್ಕಾರು ಸಲ ಅಂಗಳದಲ್ಲಿ ಸಣ್ಣ ಸುತ್ತು ಹಾಕಬೇಕು. ಬೇಸಿಗೆಯಲ್ಲಿ ಅದು ಬೆಳಿಗ್ಗೆ ಬಿಸಿಲೇರುವ ಮೊದಲು, ಸಂಜೆ ತಂಪಾದ ಮೇಲೆ. ನಿನ್ನೆಗಿಂತ ಇಂದು ತುಸು ಹೆಚ್ಚು ಎಂಬ ಲೆಕ್ಕವಿದ್ದರೆ ಸಾಕು. ಮೂಳೆ, ಬೆನ್ನುಹುರಿ ಆಪರೇಷನ್ ಆದವರು ಎಷ್ಟು ಭಾರ ಊರಬೇಕೆಂದು ಕೇಳಿ ತಿಳಿದೇ ನಡೆಯಬೇಕು.

ಏಳುವುದಕ್ಕೂ ಒಂದು ಕ್ರಮವಿದೆ. ಅಂಗಾತ ಮಲಗಿದವರು ನೇರವಾಗಿ ಎದ್ದರೆ ಹೊಟ್ಟೆಯ ಸ್ನಾಯು ಜಗ್ಗುತ್ತದೆ. ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಬೇಕು. ಕೆಮ್ಮು, ಸೀನು ಬಂದಾಗ ಹೊಲಿಗೆಯ ಮೇಲೆ ಪುಟ್ಟ ದಿಂಬು ಒತ್ತಿಕೊಂಡರೆ ನೋವು ಕಡಿಮೆ. ಊರಿಗೆ ಹೋಗುವ ಬಸ್ಸಿನಲ್ಲೂ ಅದೇ ದಿಂಬು ಕುಲುಕಾಟ ತಡೆಯುತ್ತದೆ. ನೆಲದ ಹಾಸಿಗೆ, ಕುಕ್ಕುರುಗಾಲಿನ ಕಕ್ಕಸು ಕಷ್ಟವಾಗುವವರಿಗೆ ಮಂಚ, ಕಮೋಡ್ ಕುರ್ಚಿ ಮೊದಲೇ ಹೊಂದಿಸಿಡಬೇಕು. ಮಂಡಿ, ಸೊಂಟದ ಆಪರೇಷನ್ ಆದವರಿಗೆ ಇದು ಅನಿವಾರ್ಯ.

ಅರಿಶಿನವೂ ಬೇಡ, ಕಾಲುವೆಯೂ ಬೇಡ

ಸಾಮಾನ್ಯವಾಗಿ ಎರಡು ದಿನ ಕಳೆದ ಮೇಲೆ ಒಣಗಿದ ಗಾಯಕ್ಕೆ ನೀರು ಸೋಕಿದರೆ ತೊಂದರೆಯಿಲ್ಲ; ಆದರೂ ಸ್ನಾನ ಯಾವಾಗ ಎಂದು ಕೇಳಿಯೇ ಶುರು ಮಾಡಿ. ಶುದ್ಧ ನೀರು ಸುರಿದುಕೊಳ್ಳಬೇಕು, ಉಜ್ಜಬಾರದು, ಒಗೆದು ಒಣಗಿಸಿದ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಬೇಕು. ತುಂಗಭದ್ರಾ ಕಾಲುವೆ, ಬಾವಿ, ಕೆರೆಗಳಲ್ಲಿ ಇಳಿಯುವುದು ಗಾಯ ಪೂರ್ತಿ ಮಾಗುವವರೆಗೆ ಬೇಡವೇ ಬೇಡ.

ಅರಿಶಿನ, ವಿಭೂತಿ, ಕೊಬ್ಬರಿ ಎಣ್ಣೆ, ಅಂಗಡಿಯಿಂದ ತಂದ ಪೌಡರು ಯಾವುದನ್ನೂ ಹೊಲಿಗೆಗೆ ಹಚ್ಚಬಾರದು. ಅಡುಗೆಮನೆಯ ಅರಿಶಿನ ಕ್ರಿಮಿಮುಕ್ತವಲ್ಲ. ಮೇಲಾಗಿ ಅದರ ಹಳದಿ ಬಣ್ಣದಡಿ ಕೆಂಪು, ಕೀವು ಯಾವುದೂ ಕಾಣುವುದಿಲ್ಲ. ಗಾಯ ಮುಟ್ಟುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆಯುವುದು ಎಲ್ಲ ಮುಲಾಮುಗಳಿಗಿಂತ ಮೇಲು.

ಹೊಟ್ಟೆಯ ಹೊಲಿಗೆಯನ್ನು ಸಾಮಾನ್ಯವಾಗಿ 7ರಿಂದ 10 ದಿನಕ್ಕೆ, ಕೀಲುಗಳ ಬಳಿಯದನ್ನು 10ರಿಂದ 14 ದಿನಕ್ಕೆ ತೆಗೆಯುತ್ತಾರೆ. ಕೆಲವು ಹೊಲಿಗೆ ತಾವೇ ಕರಗುತ್ತವೆ. ನಿಮ್ಮದು ಯಾವುದೆಂದು ಹೊರಡುವ ಮೊದಲೇ ಕೇಳಿಕೊಳ್ಳಿ.

ಗುಳಿಗೆಗಳಲ್ಲಿ ಎರಡು ತಪ್ಪು ಸಾಮಾನ್ಯ. ನೋವಿನ ಗುಳಿಗೆಯನ್ನು ತಡೆಯಲಾರದಷ್ಟು ನೋವು ಬಂದ ಮೇಲೆ ನುಂಗುವುದು ಒಂದು. ಹೇಳಿದ ಹೊತ್ತಿಗೆ ತೆಗೆದುಕೊಂಡರೆ ನೋವು ಹತೋಟಿಯಲ್ಲಿರುತ್ತದೆ, ನಡೆಯಲೂ ಕೆಮ್ಮಲೂ ಆಗುತ್ತದೆ. ಆ್ಯಂಟಿಬಯೋಟಿಕ್ ಅನ್ನು ಆರಾಮಾಯಿತೆಂದು ನಡುವೆ ಬಿಡುವುದು, ಇಲ್ಲವೇ ಹಳೇ ಚೀಟಿ ತೋರಿಸಿ ಮತ್ತೆ ಕೊಳ್ಳುವುದು ಇನ್ನೊಂದು. ಸುಸ್ತೆಂದು ಹಳ್ಳಿಯಲ್ಲಿ ಸಿಕ್ಕವರಿಂದ ಗ್ಲುಕೋಸ್ ಬಾಟಲಿ ಹಾಕಿಸಿಕೊಳ್ಳುವ ರೂಢಿಯೂ ಇದೆ. ಬಾಯಿಂದ ಉಣ್ಣಲು, ಕುಡಿಯಲು ಆಗುವವರಿಗೆ ಅದರಿಂದ ಲಾಭವಿಲ್ಲ.

ಬಾಣಂತಿಯೂ ಹೌದು, ಆಪರೇಷನ್ ಆದವಳೂ ಹೌದು

ಮನೆಯ ಆರೈಕೆ ಅತಿ ಹೆಚ್ಚು ಪರೀಕ್ಷೆಗೊಳಗಾಗುವುದು ಸಿಸೇರಿಯನ್ ನಂತರ. 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ನಮ್ಮ ಬಾಣಂತನದ ಪದ್ಧತಿ ರೂಪುಗೊಂಡದ್ದು ಸಹಜ ಹೆರಿಗೆಯ ಕಾಲದಲ್ಲಿ. ಕಿಟಕಿ ಮುಚ್ಚಿದ ಕೋಣೆ, ಹೊರಸಿನ ಕೆಳಗೆ ಕೆಂಡ, ಮೈಗೆ ಹೊಗೆ, ಬಿಗಿದ ಹೊಟ್ಟೆಕಟ್ಟು, ಅಳೆದು ಕೊಡುವ ನೀರು. ಹೊಟ್ಟೆಯ ಮೇಲೆ ಹೊಲಿಗೆ ಇರುವವಳಿಗೆ, ಅದೂ ಬಳ್ಳಾರಿಯ ಬೇಸಿಗೆಯಲ್ಲಿ, ಬೆವರಿನಿಂದ ಗಾಯ ಹಸಿಯಾಗಿ ಸೋಂಕಿಗೆ ದಾರಿಯಾಗುತ್ತದೆ. ಹೊಗೆ ತಾಯಿಗೂ ಕೂಸಿಗೂ ಕೆಟ್ಟದ್ದು. ಹಾಲೂಡಿಸುವವಳಿಗೆ ನೀರು ಹೆಚ್ಚೇ ಬೇಕು.

ಹಾಗೆಂದು ಬಾಣಂತನವನ್ನೇ ತಳ್ಳಿಹಾಕುವುದು ದಡ್ಡತನ. ಅಳವಿ ಪಾಯಸ, ಅಂಟಿನ ಉಂಡೆ, ಕೊಬ್ಬರಿ, ಉತ್ತತ್ತಿ, ಸಬ್ಬಸಿಗೆ ಸೊಪ್ಪು ಒಳ್ಳೆಯ ತಿನಿಸುಗಳೇ. ಮನೆಗೆಲಸದಿಂದ ಬಿಡುವು, ತವರಿನ ಕಾಳಜಿ ಅದಕ್ಕಿಂತ ದೊಡ್ಡವು. ಬಿಡಬೇಕಾದದ್ದು ಶಾಖ, ಹೊಗೆ, ಬಾಯಾರಿಕೆ. ಸೇರಿಸಬೇಕಾದದ್ದು ಗಾಳಿ, ಬೇಳೆ, ನಡಿಗೆ. ಹೊಟ್ಟೆಯನ್ನು ಎಣ್ಣೆ ಹಚ್ಚಿ ತಿಕ್ಕುವುದು ವೈದ್ಯರು ಸರಿ ಎನ್ನುವವರೆಗೆ ಬೇಡ.

ಇಲ್ಲೊಂದು ಮಾತು ಹೇಳಲೇಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಹಲವು ಬಾಣಂತಿಯರು ತೀರಿಕೊಂಡಾಗ ಅನುಮಾನ ತಿರುಗಿದ್ದು ನರಕ್ಕೆ ಏರಿಸಿದ ದ್ರಾವಣದ ಕಡೆಗೆ. ಅಂಥ ಸಾವುಗಳನ್ನು ಯಾವ ಮನೆಯ ಆರೈಕೆಯೂ ತಪ್ಪಿಸಲಾರದು. ಆಸ್ಪತ್ರೆಯ ಹೊಣೆ ಆಸ್ಪತ್ರೆಯದೇ. ರೋಗಿಯ ಊಟ, ನಡತೆಯ ಮೇಲೆ ಅದನ್ನು ಹೊರಿಸುವಂತಿಲ್ಲ.

ಯಾವಾಗ ಕಾಯಬಾರದು?

ಗಾಯದ ಸೋಂಕು ಮನೆಗೆ ಬಂದ ಮೇಲೆ ಕಾಣಿಸಿಕೊಳ್ಳುವುದೇ ಹೆಚ್ಚು. 30 ದಿನಗಳವರೆಗೂ ಬರಬಹುದು, ಒಳಗೆ ರಾಡು, ಜಾಲರಿ ಹಾಕಿದ್ದರೆ ಇನ್ನೂ ತಡವಾಗಿಯೂ. ಈ ಲಕ್ಷಣಗಳಿದ್ದರೆ ಮುಂದಿನ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು: 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಇಳಿಯದೆ ಏರುತ್ತಿರುವ ಕೆಂಪು, ಬಾವು, ನೋವು, ಕೀವು, ಕೆಟ್ಟ ವಾಸನೆ, ಬಿಚ್ಚಿಕೊಂಡ ಹೊಲಿಗೆ, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಬಾಣಂತಿಗೆ ಹೆಚ್ಚಿದ ರಕ್ತಸ್ರಾವ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೂ ತಡಮಾಡಬಾರದು. ದಿಢೀರ್ ಉಸಿರುಗಟ್ಟಿದರೆ, ಎದೆನೋವು ಬಂದರೆ 108ಕ್ಕೆ ಕರೆ ಮಾಡಿ.

ದಿನವೂ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ಗಾಯದ ಫೋಟೊ ತೆಗೆದಿಟ್ಟರೆ ವ್ಯತ್ಯಾಸ ಮನೆಯವರಿಗೂ ತಿಳಿಯುತ್ತದೆ, ವೈದ್ಯರಿಗೂ.

ದೂರ, ದುಡ್ಡು, ದುಡಿಮೆ

ಹೆರಿಗೆಯಾದ ಮನೆಗೆ 42ನೇ ದಿನದವರೆಗೆ ಆಶಾ ಕಾರ್ಯಕರ್ತೆ ನಿಗದಿತ ದಿನಗಳಲ್ಲಿ ಬಂದು ತಾಯಿ-ಮಗುವನ್ನು ನೋಡುತ್ತಾರೆ. ಹರ್ನಿಯಾ, ಗರ್ಭಕೋಶದ ಆಪರೇಷನ್ ಆದವರಿಗೆ ಅಂಥ ವ್ಯವಸ್ಥೆಯಿಲ್ಲ. ದೂರದ ಹಳ್ಳಿಯವರು ಬ್ಯಾಂಡೇಜ್ ಬದಲಿಸಲು, ಹೊಲಿಗೆ ತೆಗೆಸಲು ಸಿರುಗುಪ್ಪ, ಕುರುಗೋಡಿನ ಸರ್ಕಾರಿ ಆಸ್ಪತ್ರೆಗಳಲ್ಲೇ ಆಗುತ್ತದೆಯೇ ಎಂದು ಡಿಸ್ಚಾರ್ಜ್ ದಿನವೇ ಕೇಳಬೇಕು. ಒಂದು ದಿನದ ಕೂಲಿ, ಬಸ್ ಚಾರ್ಜು ಉಳಿಯುತ್ತದೆ. ಆಯುಷ್ಮಾನ್ ಭಾರತ್ ಯೋಜನೆಯ ನಿಯಮದಲ್ಲಿ ಡಿಸ್ಚಾರ್ಜ್ ಆದ 15 ದಿನಗಳವರೆಗಿನ ಔಷಧಿ, ಪರೀಕ್ಷೆಗಳೂ ಪ್ಯಾಕೇಜಿನಲ್ಲಿ ಸೇರಿವೆ. ಕಾರ್ಡಿನ ಮೇಲೆ ಆಪರೇಷನ್ ಮಾಡಿಸಿಕೊಂಡವರು ಇದನ್ನು ಕೇಳಿ ಪಡೆಯಬೇಕು.

ಎಲ್ಲಕ್ಕಿಂತ ಕಷ್ಟದ್ದು ದುಡಿಮೆಯ ಪ್ರಶ್ನೆ. ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಸರ್ಕಾರದ ಮಾರ್ಗಸೂಚಿಯೇ ಹೇಳುವಂತೆ ಎರಡು ದಿನದ ಬಳಿಕ ಹಗುರ ಕೆಲಸ, ಪೂರ್ತಿ ಕೆಲಸಕ್ಕೆ ಮರಳಲು ಎರಡು ವಾರ. ಆದರೆ ನಾಟಿಯ ಗದ್ದೆಯಲ್ಲಿ ಬಗ್ಗಿ ದುಡಿಯುವವಳಿಗೆ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ಪೀಸ್ ಲೆಕ್ಕಕ್ಕೆ ಕೂರುವವಳಿಗೆ ಸಂಬಳದ ರಜೆಯಿಲ್ಲ. ಹೊಲದ ಕೂಲಿ ಬಿಟ್ಟರೂ ಮನೆಯ ಕೊಡ ಬಿಡುವುದಿಲ್ಲ. ಗಂಡಸಿಗೆ ಆಪರೇಷನ್ ಆದರೆ ಹೆಂಡತಿ ನೋಡಿಕೊಳ್ಳುತ್ತಾಳೆ. ಹೆಂಡತಿಗೆ ಆದಾಗ ತಾಯಿಯೋ ಮಗಳೋ ಬರಬೇಕು, ಬರದಿದ್ದರೆ ಅವಳೇ ಒಲೆ ಹಚ್ಚಬೇಕು.

ತುರ್ತಿಲ್ಲದ ಆಪರೇಷನ್ನಿಗೆ ತಾರೀಖು ಹಿಡಿಯುವಾಗ ಹಬ್ಬ, ಸುಗ್ಗಿ, ದುಡ್ಡು ಎಲ್ಲವನ್ನೂ ಲೆಕ್ಕ ಹಾಕುತ್ತೇವೆ. ಅದೇ ದಿನ ಮನೆಯವರೆಲ್ಲ ಕುಳಿತು ಇನ್ನೊಂದನ್ನೂ ತೀರ್ಮಾನಿಸಬೇಕು: ಮುಂದಿನ ಆರು ವಾರ ನೀರು ಯಾರು ತರುತ್ತಾರೆ, ಎಮ್ಮೆ ಯಾರು ನೋಡಿಕೊಳ್ಳುತ್ತಾರೆ, ರೊಟ್ಟಿ ಯಾರು ಬಡಿಯುತ್ತಾರೆ, ಆಸ್ಪತ್ರೆಗೆ ಮತ್ತೆ ಕರೆದೊಯ್ಯುವವರು ಯಾರು. ಹೆಸರು ಹಿಡಿದು ಕೆಲಸ ಹಂಚಿಕೊಂಡ ಮನೆಯಲ್ಲಿ ಮಾತ್ರ ‘ಭಾರ ಎತ್ತಬೇಡಿ’ ಎಂಬ ವೈದ್ಯರ ಮಾತು ನಿಜಕ್ಕೂ ಪಾಲನೆಯಾಗುತ್ತದೆ.